ಮೊಮ್ಮಗಳ ಕೋಣೆ, ಮಟಕಿಯ ಗೋಡೆ

ಕಳೆದ ತಿಂಗಳು ಮಗ ದೂರವಾಣಿಯಲ್ಲಿ ಕೇಳಿದ: “ಅಪ್ಪಾ, ಪುಟ್ಟಿಯ ಕೋಣೆಗೆ ಯಾವ ಬಣ್ಣ ಹಚ್ಚಿಸಲಿ?” ಐದು ವರ್ಷದ ಮೊಮ್ಮಗಳಿಗೆ ಪ್ರತ್ಯೇಕ ಮಲಗುವ ಕೋಣೆ! ಆಳಂದ ತಾಲ್ಲೂಕಿನ ಮಟಕಿಯಲ್ಲಿ ಬೆಳೆದ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಬೇರೆಯೇ ಒಂದು ಗೋಡೆ.

ಮಗುವಿಗೆ ತನ್ನದೇ ಕೋಣೆ ಎಂಬುದು ಬಹಳ ಹಳೆಯ ವಿಚಾರವಲ್ಲ. ಯುರೋಪಿನ ಹಳೆಯ ಮನೆಗಳಲ್ಲೂ ಉಣ್ಣಲು, ಮಲಗಲು, ಬಂದವರನ್ನು ಕಾಣಲು ಅದೇ ಕೋಣೆಗಳು ಬಳಕೆಯಾಗುತ್ತಿದ್ದವೆಂದು ಫ್ರಾನ್ಸಿನ ಇತಿಹಾಸಕಾರ ಫಿಲಿಪ್ ಏರಿಯೆಸ್ 1960ರಲ್ಲಿ ಪ್ರಕಟಿಸಿದ ಬಾಲ್ಯದ ಇತಿಹಾಸದಲ್ಲಿ ತೋರಿಸಿದ್ದಾನೆ. ನಮ್ಮ ಮಾಳಿಗೆ ಮನೆಗಳೂ ಹಾಗೆಯೇ ಇದ್ದವು. ಪಡಸಾಲೆಯಲ್ಲಿ ಸಾಲಾಗಿ ಕೌದಿ ಹಾಸಿದರೆ ಅದೇ ಎಲ್ಲರ ಮಲಗುವ ಕೋಣೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವುದು.

ಹಾಗೆಂದು ಮಗುವಿನ ಕಣ್ಣಿಗಾಗಿ ಯಾರೂ ಏನೂ ಮಾಡಲಿಲ್ಲವೆಂದಲ್ಲ. ನಮ್ಮ ಸೀಮೆಯಲ್ಲಿ ಅಲಂಕಾರವಾಗುತ್ತಿದ್ದುದು ಕೋಣೆಯಲ್ಲ, ತೊಟ್ಟಿಲು. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲುಗಳು ಇದಕ್ಕೇ ಹೆಸರಾದವು: ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ರಾಮಾಯಣದ, ಕೃಷ್ಣಲೀಲೆಯ ಚಿತ್ರಗಳು. ಅಂಥ ತೊಟ್ಟಿಲು ಉಳ್ಳವರ ಮನೆಗೆ ಮಾತ್ರ. ನಾನು ಮಲಗಿದ್ದು ತೊಲೆಗೆ ಕಟ್ಟಿದ ಅವ್ವನ ಹಳೆಯ ಸೀರೆಯ ಜೋಳಿಗೆಯಲ್ಲಿ.

ಆದರೆ ಗೋಡೆ ಇತ್ತು. ಸುಣ್ಣ ಬಳಿದು ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆದ ಗೋಡೆ, ಅದರಲ್ಲೊಂದು ಗೂಡು, ಗೂಡಿನ ಸುತ್ತ ಗಂಜಿಯಿಂದ ಹಚ್ಚಿದ ಕ್ಯಾಲೆಂಡರ್ ಚಿತ್ರಗಳು. ಸೊಲ್ಲಾಪುರದ ಸಂತೆಗೆ ಹೋದವರು ತಂದ ಕ್ಯಾಲೆಂಡರು ವರ್ಷ ಮುಗಿದ ಮೇಲೆ ಮಕ್ಕಳ ಸೊತ್ತಾಗುತ್ತಿತ್ತು. ಬಡವರ ಗೋಡೆಗೆ ಬಣ್ಣದ ದೇವರು ಬಂದದ್ದರ ಹಿಂದೆ ದೊಡ್ಡ ಕಥೆಯಿದೆ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ ಮೇಲೆ ಅರಮನೆಯ ಚಿತ್ರ ಅಂಗಡಿಗೆ ಇಳಿಯಿತು. ಆ ದಾರಿಯಲ್ಲಿ ಮುಂದೆ ಬಹಳ ಹೆಸರು ಮಾಡಿದವರೊಬ್ಬರು ನಮ್ಮವರೇ: 1916ರಲ್ಲಿ ಅಂದಿನ ನಿಜಾಮ ಸಂಸ್ಥಾನದ ಗುಲ್ಬರ್ಗದಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು. ಅವರಿಗೆ ಊರಿನಲ್ಲೇ ಚಿತ್ರಕಲೆಯ ಮೊದಲ ಪಾಠ ಹೇಳಿದವರು ಶಂಕರರಾವ್ ಆಳಂದಕರ್; ಹೆಸರಿನಲ್ಲೇ ನಮ್ಮ ಆಳಂದವಿದೆ! ಪಂಡಿತರು ಮುಂಬಯಿಗೆ ಹೋಗಿ ಸಿನಿಮಾ ಭಿತ್ತಿಚಿತ್ರ ಬರೆದರು, ಪುರಾಣದ ನಾಯಕ ನಾಯಕಿಯರನ್ನು ಕ್ಯಾಲೆಂಡರಿಗೆ ತಂದರು. 1993ರಲ್ಲಿ ತೀರಿಕೊಂಡರು. ನಾನು ಮೂವತ್ತು ವರ್ಷ ಇತಿಹಾಸ ಕಲಿಸಿದವನು. ಅಶೋಕನ ಶಾಸನಗಳ ಊರುಗಳನ್ನು ನಿಮಗೆಲ್ಲ ಬಾಯಿಪಾಠ ಮಾಡಿಸಿದೆ, ಪಂಡಿತರ ಹೆಸರನ್ನು ಒಮ್ಮೆಯೂ ಹೇಳಲಿಲ್ಲ. ನನಗೇ ತಿಳಿದಿರಲಿಲ್ಲ.

1985ರಲ್ಲಿ, ಮದುವೆಗೆ ಮುಂಚೆ, ನೌಕರಿಯ ಹುಮ್ಮಸ್ಸಿನಲ್ಲಿ ಆ ಗೋಡೆಗೆ ಡಿಸ್ಟೆಂಪರ್ ಬಳಿಸಿದೆ. ಹೊಗೆ ಹಿಡಿದ ಚಿತ್ರಗಳನ್ನು ಕೆರೆದು ತೆಗೆದು ನಾನೇ ನೀರೊಲೆಗೆ ಹಾಕಿದೆ. ಕೆಳಗೆ ಯಾರ ಸಹಿ ಇತ್ತೆಂದು ನೋಡಲಿಲ್ಲ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಕೊನೆಯ ಹಾಳೆ ಉರಿದ ಮೇಲೆ ಮೆಲ್ಲಗೆ ಹೇಳಿದಳು: “ಅವ ನಿಮ್ಮಕ್ಕ ಹಚ್ಚಿದ್ವು, ತಮ್ಮಾ.”

ಅಕ್ಕ 1966ರಲ್ಲಿ ಜ್ವರದಿಂದ ಹೋದಾಗ ಅವಳಿಗೆ ಹತ್ತು ವರ್ಷ, ನನಗೆ ಏಳು. ಮನೆಯಲ್ಲಿ ಅವಳ ಭಾವಚಿತ್ರ ಒಂದೂ ಇಲ್ಲ. ಜೋಳಿಗೆಯಲ್ಲಿ ಮಲಗಿದ ತಮ್ಮನಿಗೆ ಕಾಣಲೆಂದು ಡಬ್ಬಿಯ ಮೇಲೆ ಹತ್ತಿ ಹಚ್ಚಿದ್ದಳಂತೆ. ಅದನ್ನು ಅವ್ವ ಹೇಳಿದ್ದು ಆ ದಿನವಲ್ಲ, ಎಷ್ಟೋ ವರ್ಷಗಳ ನಂತರ.

ಮಗನಿಗೆ ಮರುದಿನ ಹೇಳಿದೆ: ಮೂರು ಗೋಡೆಗೆ ನಿನ್ನ ಇಷ್ಟದ ಬಣ್ಣ ಹಚ್ಚಿಸು. ನಾಲ್ಕನೆಯದು ಬಿಳಿಯಾಗಿಯೇ ಇರಲಿ, ಅವಳೇ ಏನಾದರೂ ಹಚ್ಚಲಿ. “ಗೋಡೆ ಹೊಲಸಾಗ್ತದಲ್ಲಪ್ಪಾ” ಎಂದ. ಆಗಲಿ ಬಿಡು ಎಂದೆ. ಮೊನ್ನೆ ಸೊಸೆ ಒಂದು ಫೋಟೊ ಕಳಿಸಿದ್ದಾಳೆ. ನೆಲದಿಂದ ಎರಡು ಅಡಿ ಎತ್ತರದಲ್ಲಿ, ಸೊಟ್ಟಗೆ, ಬಿಸ್ಕತ್ತಿನ ಪೊಟ್ಟಣದಿಂದ ಕತ್ತರಿಸಿದ ಒಂದು ಹಸು.