ಎದೆಯಿಂದ ಮಂಚದ ಬದಿಗೆ: ಅಳವಡಿಸಿದ ಸಂವೇದಕಗಳ ಎರಡು ಮೀಟರ್ ಹಾದಿ

ಯಲಹಂಕದ ಆಕಾಶವಾಣಿ ಪ್ರಸಾರ ಕೇಂದ್ರದಲ್ಲಿ ಸ್ಥಾಪಿಸಿದ ಕಿರುತರಂಗ ಪ್ರೇಷಕಗಳ ಸಾಮರ್ಥ್ಯ ತಲಾ 500 ಕಿಲೋವಾಟ್. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಅಮೃತಹಳ್ಳಿಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರೊಬ್ಬರ ಎದೆಯಲ್ಲೂ ಪ್ರೇಷಕವೊಂದು ಇರಬಹುದು. ದೇಹದೊಳಗಿನ ಉಪಕರಣಗಳಿಗೆಂದು ಭಾರತದಲ್ಲಿ ಪರವಾನಗಿಯಿಲ್ಲದೆ ಬಿಟ್ಟಿರುವ 402–405 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಅದಕ್ಕಿರುವ ಮಿತಿ 25 ಮೈಕ್ರೋವಾಟ್. ಎರಡರ ನಡುವಿನ ಅಂತರ ಎರಡು ಸಾವಿರ ಕೋಟಿ ಪಟ್ಟು. ಇಷ್ಟು ಕ್ಷೀಣವಾದ ದನಿಯನ್ನು ಕೇಳಿಸಿಕೊಳ್ಳುವುದು ಹೇಗೆಂಬುದೇ ಈ ಲೇಖನದ ಪ್ರಶ್ನೆ.

ಈ ಪಟ್ಟಿಯ ತರಂಗದುದ್ದ ಗಾಳಿಯಲ್ಲಿ ಸುಮಾರು 74 ಸೆಂ.ಮೀ. ಸ್ನಾಯುವಿನಲ್ಲಿ ನೀರಿನಂಶ ಹೆಚ್ಚಿರುವುದರಿಂದ ಅದು 10 ಸೆಂ.ಮೀ. ಆಸುಪಾಸಿಗೆ ಕುಗ್ಗುತ್ತದೆ. ಹೀಗಾಗಿ ಆಂಟೆನಾವನ್ನು ಚಿಕ್ಕದಾಗಿಸಬಹುದು. ಆದರೆ ಅದೇ ನೀರು ಸಂಕೇತದ ಶಕ್ತಿಯನ್ನೂ ಹೀರಿಬಿಡುತ್ತದೆ. ಚರ್ಮ ದಾಟಿ ಹೊರಬಂದದ್ದನ್ನು ಹಿಡಿಯಲು ಮಂಚದ ಪಕ್ಕದಲ್ಲಿ, ಒಂದೆರಡು ಮೀಟರ್‌ನೊಳಗೆ, ಒಂದು ಪೆಟ್ಟಿಗೆ ಬೇಕು. ರೋಗಿ ಮಲಗಿರುವಾಗ ಅದು ಮಾಹಿತಿ ಪಡೆದು, ಮೊಬೈಲ್ ಜಾಲದ ಮೂಲಕ ಮುಂದಕ್ಕೆ ಕಳಿಸುತ್ತದೆ.

2014ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕಾರ್ಡಿಯೋಮೆಮ್ಸ್ ಸಂವೇದಕಕ್ಕಂತೂ ಬ್ಯಾಟರಿಯೇ ಇಲ್ಲ. ಶ್ವಾಸಕೋಶದ ಅಪಧಮನಿಯಲ್ಲಿ ಕೂರುವ ಅದರೊಳಗೆ ಇರುವುದು ಒಂದು ಸುರುಳಿ, ಒಂದು ಕೆಪಾಸಿಟರ್. ರಕ್ತದೊತ್ತಡ ಬದಲಾದಂತೆ ಅದರ ಅನುರಣನ ಆವರ್ತನವೂ ಬದಲಾಗುತ್ತದೆ. ರೋಗಿ ಒರಗಿಕೊಳ್ಳುವ ದಿಂಬಿನಲ್ಲಿರುವ ಆಂಟೆನಾ ಅದಕ್ಕೆ ಶಕ್ತಿಯನ್ನೂ ಕೊಟ್ಟು, ಉತ್ತರವನ್ನೂ ಓದುತ್ತದೆ. ಎಷ್ಟು ಸರಳ, ಎಷ್ಟು ಸುಂದರ ವಿನ್ಯಾಸ! ಈ ಸಂವೇದಕದ ಬಗ್ಗೆ 2011ರಲ್ಲಿ ಪ್ರಕಟವಾದ ಚಾಂಪಿಯನ್ ಅಧ್ಯಯನದಲ್ಲಿ ಹೃದಯ ವೈಫಲ್ಯದ 550 ರೋಗಿಗಳಿದ್ದರು. ಸಂವೇದಕದ ಮಾಹಿತಿ ನೋಡಿ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ, ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವುದು ಆರು ತಿಂಗಳಲ್ಲಿ ಇನ್ನೊಂದು ಗುಂಪಿಗಿಂತ ಶೇ. 28ರಷ್ಟು ಕಡಿಮೆಯಿತ್ತು. ಗಮನಿಸಬೇಕಾದ್ದೆಂದರೆ, ಸಂವೇದಕ ಎಲ್ಲ 550 ಮಂದಿಯ ದೇಹದಲ್ಲೂ ಇತ್ತು. ಫಲಿತಾಂಶ ಬದಲಾದದ್ದು ವೈದ್ಯರು ಅಂಕಿಗಳನ್ನು ನೋಡಿ, ಮಾತ್ರೆಯ ಪ್ರಮಾಣ ಬದಲಿಸಿದ್ದರಿಂದ.

ಅಂಕಿಗಳು ವೈದ್ಯರನ್ನು ತಲುಪಿದರೆ ತಾನೇ ಇದೆಲ್ಲ? ನಮ್ಮ ಸಂದರ್ಭದಲ್ಲಿ ಸಂವೇದಕದಿಂದ ವೈದ್ಯರವರೆಗಿನ ಸರಪಳಿ ಸಡಿಲವಾಗಿರುವುದು ಮಂಚದ ಪಕ್ಕದ ಆ ಪೆಟ್ಟಿಗೆಯ ಬಳಿಯೇ ಎಂಬುದು ನನ್ನ ವಾದ. ಅಮೃತಹಳ್ಳಿಯ ಹಳೆಯ ಊರೊಳಗಿನ ಒಂದು ಕೋಣೆಯ ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಇರುವುದು ಒಂದೇ ಪ್ಲಗ್ ಪಾಯಿಂಟ್. ರಾತ್ರಿ ಮಗ ಫೋನ್ ಚಾರ್ಜಿಗೆ ಹಾಕಲು ಪೆಟ್ಟಿಗೆಯ ಪ್ಲಗ್ ಕೀಳುತ್ತಾನೆ. ಸೆಖೆಯೆಂದು ಅಜ್ಜಿ ಹಾಸಿಗೆಯನ್ನು ಹಜಾರಕ್ಕೆ ಎಳೆದುಕೊಳ್ಳುತ್ತಾರೆ. ಪೆಟ್ಟಿಗೆಯ ಮೇಲೆ ಮಿನುಗುವ ದೀಪ ಏನು ಹೇಳುತ್ತಿದೆಯೆಂದು ಕನ್ನಡದಲ್ಲಿ ತಿಳಿಸುವ ಒಂದು ಚೀಟಿಯೂ ಅಲ್ಲಿಲ್ಲದಿದ್ದರೆ, ಎದೆಯೊಳಗಿನ ಯಂತ್ರ ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ, ಸುದ್ದಿ ಮಾತ್ರ ಆಸ್ಪತ್ರೆ ಮುಟ್ಟುವುದಿಲ್ಲ.

ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯ ಎದೆಯನ್ನು ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ಅವರು ಮಲಗುವ ಜಾಗವನ್ನೂ ಯಾರಾದರೂ ಹೋಗಿ ನೋಡಿಬರಬೇಕು: ಮಂಚ ಎಲ್ಲಿದೆ, ಪ್ಲಗ್ ಎಲ್ಲಿದೆ, ಆ ಮೂಲೆಯಲ್ಲಿ ಮೊಬೈಲ್ ಸಿಗ್ನಲ್ ಎಷ್ಟು ಕಡ್ಡಿ ಬರುತ್ತದೆ, ಕರೆಂಟ್ ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ.