ವರ್ಷಕ್ಕೊಮ್ಮೆ ಉಬ್ಬರ ಬರುವ ಹೊಳೆ

ಇಂಗ್ಲೆಂಡಿನ ಪೂರ್ವತೀರದಲ್ಲಿ ನದಿಗಳು ಸಮುದ್ರವನ್ನು ಕೂಡುವ ಅಗಲವಾದ ಅಳಿವೆಗಳಿವೆ. ಶನಿವಾರ ಭಾನುವಾರಗಳ ವಿರಾಮದಲ್ಲಿ ಅಲ್ಲಿಯ ನೌಕಾವಿಹಾರ ಸಂಘಗಳವರು ಸಣ್ಣ ಹಾಯಿದೋಣಿಗಳನ್ನೇರಿ ಆ ಅಳಿವೆಗಳಲ್ಲಿ ಸಂಚರಿಸುವುದುಂಟು. ದಡವನ್ನು ಬಿಡುವುದಕ್ಕೆ ಮುಂಚೆ ಅವರು ನೋಡಿಕೊಳ್ಳುವುದು ಉಬ್ಬರವಿಳಿತಗಳ ಕೋಷ್ಟಕವನ್ನು. ಅಲ್ಲಿ ಸಮುದ್ರವು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಇಂದಿನ ಉಬ್ಬರಕ್ಕಿಂತ ನಾಳಿನದು ಸುಮಾರು ೫೦ ನಿಮಿಷ ತಡವಾಗಿ ಬರುತ್ತದೆ. ಈ ಲೆಕ್ಕವನ್ನು ತಪ್ಪಿದವನ ದೋಣಿಯು ಕೆಸರಿನಲ್ಲಿ ಕುಳಿತು, ಮುಂದಿನ ಉಬ್ಬರ ಬರುವವರೆಗೂ ಅಲ್ಲಿಯೇ ಇರಬೇಕಾಗುತ್ತದೆ.

ಹಾಸನದ ಸೀಮೆಗೆ ಸಮುದ್ರವಿಲ್ಲ. ಅದು ಘಟ್ಟದ ಆಚೆಗೆ ಉಳಿಯಿತು. ಹೀಗಿರಲು ಉಬ್ಬರವಿಳಿತಗಳ ಮಾತು ಇಲ್ಲಿಗೇಕೆ ಎಂದು ಶ್ರೋತೃಗಳು ಕೇಳಬಹುದು. ನಮ್ಮ ಹೇಮಾವತಿಗೂ ಕಾವೇರಿಗೂ ಒಂದು ಉಬ್ಬರವಿತ್ತು. ಅದು ದಿನಕ್ಕೆರಡು ಬಾರಿ ಬರುತ್ತಿರಲಿಲ್ಲ. ವರ್ಷಕ್ಕೆ ಒಂದೇ ಬಾರಿ ಬರುತ್ತಿತ್ತು. ಅದಕ್ಕೆ ಕೋಷ್ಟಕವನ್ನು ಯಾರೂ ಅಚ್ಚು ಹಾಕಿಸಲಿಲ್ಲ; ಅದು ಅಂಬಿಗನ ತಲೆಯಲ್ಲಿತ್ತು. ಆ ಉಬ್ಬರದ ಮೇಲೆ ನಡೆದ ಸಣ್ಣ ದೋಣಿಯ ಚರಿತ್ರೆಯೇ ಈ ಭಾಷಣದ ವಿಷಯ.

ಹೇಮಾವತಿಯು ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟಿ, ಸಕಲೇಶಪುರವನ್ನು ಹಾಯ್ದು, ಗೊರೂರಿನ ಸಮೀಪದಲ್ಲಿ ಬೇಲೂರಿನ ಕಡೆಯಿಂದ ಬರುವ ಯಗಚಿಯನ್ನು ಕೂಡಿಕೊಂಡು, ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು ಕಾವೇರಿಯನ್ನು ಸೇರುತ್ತದೆ. ಅರಕಲಗೂಡು ತಾಲ್ಲೂಕಿಗೆ ಉತ್ತರದಲ್ಲಿ ಹೇಮಾವತಿ, ದಕ್ಷಿಣದಲ್ಲಿ ಕೊಣನೂರು ರಾಮನಾಥಪುರಗಳ ಕಾವೇರಿ. ಆದುದರಿಂದ ಆ ಸೀಮೆಯು ಎರಡು ಹೊಳೆಗಳ ನಡುವೆ ಇದೆ. ಚನ್ನರಾಯಪಟ್ಟಣದ ಸೀಮೆಯೋ ಕೆರೆಗಳ ಬಯಲು. ದೇವರ ತೆಪ್ಪೋತ್ಸವದ ದಿನದಲ್ಲಲ್ಲದೆ ನೀರಿನ ಮೇಲೆ ತೇಲುವ ವಸ್ತುವನ್ನು ಅಲ್ಲಿಯವರು ಕಾಣುತ್ತಿದ್ದುದು ಅಪರೂಪ. ಆದರೆ ಅಲ್ಲಿಂದ ಪಡುವಣಕ್ಕೆ ಮಲೆನಾಡಿನ ಕಡೆಗೆ ಹೊರಟ ಪಯಣಿಗನಿಗೆ ಎಲ್ಲಿಯಾದರೂ ಒಂದೆಡೆ ಹೊಳೆಯು ಅಡ್ಡವಾಗುತ್ತಿತ್ತು.

ಬೇಸಗೆಯಲ್ಲಿ ಈ ಹೊಳೆಗಳು ಮಕ್ಕಳೂ ದಾಟಬಹುದಾದ ನೀರು. ಮರಳಿನ ಮೇಲೆ ಗಾಡಿಗಳು ಇಳಿದು ಹತ್ತುತ್ತಿದ್ದವು. ಆದರೆ ಮಿಥುನಮಾಸದಲ್ಲಿ ಸಕಲೇಶಪುರದ ಮೇಲಣ ಬೆಟ್ಟಗಳಲ್ಲಿ ಮಳೆ ಹಿಡಿಯಿತೆಂದರೆ, ಹೊಳೆನರಸೀಪುರದಲ್ಲಿ ಬಿಸಿಲು ಕಾಯುತ್ತಿರುವಾಗಲೇ ಕೆನ್ನೀರು ಬಂದುಬಿಡುತ್ತಿತ್ತು. ಅಂದಿನಿಂದ ಮೂರು ನಾಲ್ಕು ತಿಂಗಳು ಎರಡು ದಡಗಳೂ ಎರಡು ದೇಶಗಳಾದಂತೆ. ಈಚೆಯ ದಡಕ್ಕೆ ಮದುವೆಯಾಗಿ ಬಂದ ಹೆಣ್ಣುಮಗಳು ಆಚೆಯ ದಡದ ತೌರಿಗೆ ಹೋಗಬೇಕಾದರೆ ಅಂಬಿಗನನ್ನು ಕೂಗಬೇಕು. ವೈದ್ಯನು ಬರಬೇಕಾದರೂ ಅವನನ್ನೇ ಕೂಗಬೇಕು. ರಾಮನಾಥಪುರದ ಸುಬ್ರಹ್ಮಣ್ಯ ಷಷ್ಠಿಯ ಜಾತ್ರೆಯು ಮಾರ್ಗಶಿರದಲ್ಲಿ ನಡೆಯುತ್ತದೆ. ಅಷ್ಟು ಹೊತ್ತಿಗೆ ಕಾವೇರಿ ಇಳಿದಿರುತ್ತದೆ. ಜಾತ್ರೆ, ಸಂತೆ, ನಂಟಸ್ತಿಕೆ ಎಲ್ಲವೂ ಹೊಳೆಯ ಇಳಿತವನ್ನು ನೋಡಿಯೇ ನಡೆಯಬೇಕಾಗಿತ್ತು.

ಇಂಥ ಹೊಳೆಯನ್ನು ದಾಟಿಸುತ್ತಿದ್ದುದು ಹರಿಗೋಲು. ಸೀಳಿದ ಬಿದಿರಿನಿಂದ ಹೆಣೆದ ದೊಡ್ಡ ಬುಟ್ಟಿ. ಹೊರಮೈಗೆ ಹದಮಾಡಿದ ಚರ್ಮ. ಮುಂದಲೆ ಹಿಂದಲೆ ಎಂಬುದು ಅದಕ್ಕಿಲ್ಲ, ಹಾಯಿಯಿಲ್ಲ, ಚುಕ್ಕಾಣಿಯಿಲ್ಲ, ಒಂದೇ ಒಂದು ಹುಟ್ಟು. ನಾಗರಿಕರ ಕಣ್ಣಿಗೆ ಇದು ಆಟದ ವಸ್ತುವಿನಂತೆ ತೋರಬಹುದು. ಆದರೆ ಬಂಡೆಗಳು ತುಂಬಿದ, ಸೆಳವುಳ್ಳ, ಒಂದು ಮಾರಿಗೆ ಆಳ ಇನ್ನೊಂದು ಮಾರಿಗೆ ತೆಳುವಾದ ನೀರಿನಲ್ಲಿ ಚೂಪಾದ ಮರದ ದೋಣಿ ಬಂಡೆಗೆ ತಗುಲಿ ಒಡೆದೀತು. ಬಿದಿರಿನ ಬುಟ್ಟಿ ಬಾಗಿ, ತಿರುಗಿ, ಜಾರಿಕೊಳ್ಳುತ್ತದೆ. ಗೇಣು ನೀರಿದ್ದರೂ ತೇಲುತ್ತದೆ. ಚಿಕ್ಕದಾದರೆ ಒಬ್ಬನೇ ಅದನ್ನು ತಲೆಯ ಮೇಲೆ ಕವುಚಿಕೊಂಡು ದಡದ ಮೇಲೆ ನಡೆಯಬಲ್ಲನು. ನಡೆಯಲೇಬೇಕು, ಏಕೆಂದರೆ ಪ್ರವಾಹಕ್ಕೆ ನೇರವಾಗಿ ದಾಟುವುದು ಸಾಧ್ಯವಿಲ್ಲ. ಅಂಬಿಗನು ಮೊದಲು ದಡದುದ್ದಕ್ಕೂ ಮೇಲಕ್ಕೆ ಹೋಗಿ, ಅಲ್ಲಿಂದ ಹರಿಗೋಲನ್ನು ಬಿಟ್ಟು, ಸೆಳವು ಕೆಳಕ್ಕೆ ಒಯ್ಯುವಷ್ಟು ದೂರವನ್ನು ಮುಂದಾಗಿಯೇ ಲೆಕ್ಕಹಾಕಿ, ಓರೆಯಾಗಿ ಆಚೆಯ ಘಟ್ಟವನ್ನು ಮುಟ್ಟಬೇಕು. ಅಳಿವೆಯ ನಾವಿಕನು ಕೋಷ್ಟಕದಿಂದ ಕಲಿಯುವುದನ್ನು ಇವನು ನೀರಿನ ಬಣ್ಣದಿಂದ, ನೊರೆಯಿಂದ, ತೇಲಿಬರುವ ಕಸಕಡ್ಡಿಗಳಿಂದ ಕಲಿತನು.

ಈ ದೋಣಿಯ ಮನೆತನವು ಬಹು ಪುರಾತನವಾದುದು. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಚರಿತ್ರಕಾರನಾದ ಹೆರೊಡೋಟಸನು ಬ್ಯಾಬಿಲೋನಿಗೆ ನದಿಯಲ್ಲಿ ಇಳಿದುಬರುತ್ತಿದ್ದ ಚರ್ಮದ ದುಂಡುದೋಣಿಗಳನ್ನು ವರ್ಣಿಸಿದ್ದಾನೆ. ಸರಕನ್ನು ಮಾರಿ, ದೋಣಿಯ ಕಟ್ಟನ್ನೂ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ವರ್ತಕರು ಊರಿಗೆ ಹಿಂದಿರುಗುತ್ತಿದ್ದರಂತೆ. ಸೀಸರನು ಕ್ರಿಸ್ತಪೂರ್ವ ೪೯ರಲ್ಲಿ ಸ್ಪೇನಿನ ಯುದ್ಧದಲ್ಲಿ ಹೊಳೆ ತುಂಬಿ ಸಿಕ್ಕಿಬಿದ್ದಾಗ, ತಾನು ಬ್ರಿಟನ್ನಿನಲ್ಲಿ ಕಂಡಿದ್ದ ಚರ್ಮ ಹೊದಿಸಿದ ಬುಟ್ಟಿದೋಣಿಗಳನ್ನು ಸೈನಿಕರಿಂದ ಮಾಡಿಸಿ ದಾಟಿದನು. ನಮ್ಮಲ್ಲಿಯೇ ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ತುಂಗಭದ್ರೆಯನ್ನು ಜನರೂ ಕುದುರೆ ಎತ್ತುಗಳೂ ಬುಟ್ಟಿಯಂಥ ದೋಣಿಗಳಲ್ಲಿ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ೧೮೦೩ರ ಮರಾಠಾ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿಯು ತನ್ನ ಸೈನ್ಯವನ್ನು ಮಳೆಗಾಲದ ನದಿಗಳಾಚೆಗೆ ಸಾಗಿಸಲು ಇವುಗಳನ್ನೇ ನಂಬಿದನು. ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಗೆದ್ದವನು ಅದಕ್ಕೆ ಹನ್ನೆರಡು ವರ್ಷ ಮೊದಲು ನಮ್ಮ ಬುಟ್ಟಿ ಹೆಣೆಯುವವರ ಕೈಗುಣಕ್ಕೆ ಋಣಿಯಾಗಿದ್ದನೆಂಬುದು ಮರೆಯತಕ್ಕ ಸಂಗತಿಯಲ್ಲ.

ಹೀಗಿದ್ದರೂ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಹರಿಗೋಲಿಗೆ ಸಿಕ್ಕಿರುವ ಸ್ಥಳ ಅತ್ಯಲ್ಪ. ಕಾರಣವು ಸ್ಪಷ್ಟವಾಗಿದೆ. ಹಾಸನದ ಚರಿತ್ರೆಯೆಂದರೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ರೈಸ್ ಮಹಾಶಯರು ೧೯೦೨ರಲ್ಲಿ ಹಾಸನ ಜಿಲ್ಲೆಯ ಶಾಸನಗಳಿಗೇ ಒಂದು ಬೃಹತ್ಸಂಪುಟವನ್ನು ಹೊರತಂದರು. ಕಲ್ಲು ಉಳಿಯುತ್ತದೆ, ಬಿದಿರು ಕೊಳೆಯುತ್ತದೆ. ದಾನ ಕೊಟ್ಟ ಪ್ರಭುವಿನ ಹೆಸರು ಕಲ್ಲಿನಲ್ಲಿ ನಿಂತಿತು. ಆ ಪ್ರಭುವನ್ನೂ ಕಲ್ಲುಕುಟಿಗನನ್ನೂ ಹೊಳೆ ದಾಟಿಸಿದವನ ಹೆಸರು ನೀರಿನೊಡನೆ ಹೋಯಿತು.

ಹಳೆಯ ಉಬ್ಬರವೂ ಈಗ ಹೋಗಿದೆ. ೧೯೨೪ರ ಜುಲೈ ತಿಂಗಳಿನಲ್ಲಿ ಕಾವೇರಿಯ ಕಣಿವೆಯಲ್ಲೆಲ್ಲ ಮಹಾಪ್ರವಾಹ ಬಂದಾಗ ಜನರು ನೀರಿನ ರೌದ್ರವನ್ನು ಕಂಡರು. ಆಮೇಲೆ ಸೇತುವೆಗಳು ಹೆಚ್ಚಿದವು, ಮೋಟಾರು ಬಂದಿತು, ಅಂಬಿಗನನ್ನು ಕೂಗುವ ದನಿ ಕಡಿಮೆಯಾಯಿತು. ೧೯೭೯ರಲ್ಲಿ ಗೊರೂರಿನ ಅಣೆಕಟ್ಟು ಪೂರ್ತಿಯಾಯಿತು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಬರಹಗಳಿಂದ ಕನ್ನಡಿಗರೆಲ್ಲರಿಗೂ ನೆಂಟರ ಊರಿನಂತಾಗಿದ್ದ ಗ್ರಾಮವು ಅಂದಿನಿಂದ ಜಲಾಶಯದ ಹೆಸರೂ ಆಯಿತು. ಎಡದಂಡೆಯ ನಾಲೆಯ ನೀರು ಚನ್ನರಾಯಪಟ್ಟಣದ ಸೀಮೆಯನ್ನು ಹಾಯ್ದು, ಬಾಗೂರು ನವಿಲೆಯ ಸುರಂಗದಿಂದ ತುಮಕೂರಿನ ಕಡೆಗೂ ಹೋಯಿತು. ಹೊಳೆಯನ್ನೇ ಕಾಣದಿದ್ದ ಬಯಲಿಗೆ ಹೊಳೆಯೇ ಬಂದುದು ಸಣ್ಣ ಉಪಕಾರವಲ್ಲ.

ಆದರೆ ಆ ಉಪಕಾರದ ಬೆಲೆಯನ್ನು ತೆತ್ತವರು ಬೇರೆ. ಅಣೆಯ ಕೆಳಗೆ ಹೊಳೆಯು ಇಂದು ಬಹುಮಟ್ಟಿಗೆ ಬಾಗಿಲುಗಳ ಅಪ್ಪಣೆಯಂತೆ ಹರಿಯುತ್ತದೆ. ಅಣೆಯ ಮೇಲೆ ಹಿನ್ನೀರು ಪ್ರತಿವರ್ಷವೂ ಏರುತ್ತದೆ, ಬೇಸಗೆಗೆ ಇಳಿಯುತ್ತದೆ. ಪೂರ್ಣಮಟ್ಟ ೨೯೨೨ ಅಡಿ. ಇದೇ ಈಗಿನ ಉಬ್ಬರ. ಅದರ ಅಂಚಿನಲ್ಲಿ ಶೆಟ್ಟಿಹಳ್ಳಿಯ ಇಗರ್ಜಿ ನಿಂತಿದೆ. ಫ್ರೆಂಚ್ ಪಾದ್ರಿಗಳು ೧೮೬೦ರ ದಶಕದಲ್ಲಿ ಕಟ್ಟಿಸಿದ ಆ ಕಟ್ಟಡಕ್ಕೆ ಈಗ ಮೇಲ್ಛಾವಣಿಯಿಲ್ಲ. ಮಳೆಗಾಲದಲ್ಲಿ ಕಮಾನುಗಳು ಅರ್ಧ ಮುಳುಗಿ, ಬೇಸಗೆಯಲ್ಲಿ ನೆಲದ ಮೇಲೆ ನಿಲ್ಲುತ್ತವೆ. ಅಲ್ಲಿ ಪ್ರಾರ್ಥನೆ ಮಾಡುತ್ತಿದ್ದ ಜನ ಊರು ಬಿಟ್ಟು ಬೇರೆಡೆ ನೆಲಸಬೇಕಾಯಿತು. ಭಾನುವಾರದ ಬಿಡುವಿನಲ್ಲಿ ಪಟ್ಟಣದವರು ಅದನ್ನು ನೋಡಲು ಹೋಗುತ್ತಾರೆ. ನೀರು ತುಂಬಿದಾಗ ಅವರನ್ನು ಹತ್ತಿರಕ್ಕೆ ಒಯ್ಯುವುದು ಪುನಃ ಅದೇ ಹರಿಗೋಲು. ಕೆಳಗೆ ಹೇಮಾವತಿಯ ನೀರು ಕಾವೇರಿಯೊಡನೆ ನಿಲ್ಲುವ ಕನ್ನಂಬಾಡಿಯ ಹಿನ್ನೀರಿನಲ್ಲಿ ರಾಯಲ್ ಮೈಸೂರ್ ಸೇಲಿಂಗ್ ಕ್ಲಬ್ಬಿನವರು ಹಾಯಿಗಳನ್ನು ಬಿಚ್ಚುತ್ತಾರೆ. ಅಳಿವೆಯ ವಿನೋದವು ಹೀಗೆ ನಮ್ಮ ನಾಡಿಗೂ ಬಂದಿದೆ.

ವಿನೋದವು ತಪ್ಪಲ್ಲ. ಆದರೆ ಹಿಂದೆ ಹೊಳೆಯ ಮೇಲೆ ಹೋದವರು ದಡವನ್ನು ಸೇರುವುದಕ್ಕಾಗಿ ಹೋಗುತ್ತಿದ್ದರು. ಇಂದು ಹೋಗುವವರು ಹೊರಟ ದಡಕ್ಕೇ ಹಿಂದಿರುಗುತ್ತಾರೆ. ಈ ವ್ಯತ್ಯಾಸದ ನಡುವೆ ಒಂದು ವಿದ್ಯೆ ಕಳೆದುಹೋಗುತ್ತಿದೆ. ಬಿದಿರನ್ನು ಯಾವ ಹದದಲ್ಲಿ ಸೀಳಬೇಕು, ತುಂಬಿದ ಹೊಳೆಗೆ ಎಷ್ಟು ಮೇಲಿನಿಂದ ಹರಿಗೋಲು ಬಿಡಬೇಕು, ಯಾವ ದಿನ ಎಷ್ಟು ಹಣ ಕೊಟ್ಟರೂ ಬಿಡಬಾರದು, ಇವನ್ನು ಬಲ್ಲ ವೃದ್ಧರು ಕೆಲವರಾದರೂ ಹೊಳೆಯ ದಂಡೆಯ ಊರುಗಳಲ್ಲಿ ಇರಬಹುದು. ಶಾಸನಗಳನ್ನು ಅಚ್ಚೊತ್ತಿಕೊಂಡ ಶ್ರದ್ಧೆಯಿಂದಲೇ ಅವರ ಮಾತುಗಳನ್ನೂ ಬರೆದುಕೊಳ್ಳುವುದು ನಮ್ಮ ಕಾಲೇಜುಗಳ ಚರಿತ್ರೆಯ ವಿದ್ಯಾರ್ಥಿಗಳಿಗೆ ತಕ್ಕ ಕೆಲಸ. ಕಲ್ಲಾದರೋ ಇನ್ನೂ ಸಾವಿರ ವರ್ಷ ಕಾದೀತು. ಮನುಷ್ಯನ ನೆನಪು ಅಷ್ಟು ದಿನ ಕಾಯುವುದಿಲ್ಲ.