ಒಸಡು ಛೇದನ (ಜಿಂಜಿವೆಕ್ಟಮಿ)

ಮಿತಿಮೀರಿ ಬೆಳೆದ ಅಥವಾ ಹಲ್ಲಿನಿಂದ ಬಿಟ್ಟುಕೊಂಡ ಒಸಡನ್ನು ಕೊಯ್ದು ತೆಗೆಯುವ ಚಿಕಿತ್ಸೆ. ಅಂಚು ತಿದ್ದಿ ಆಕಾರ ಕೊಡುವಷ್ಟಕ್ಕೇ ನಿಂತರೆ ಅದು ಜಿಂಜಿವೋಪ್ಲಾಸ್ಟಿ.

ಸುಶ್ರುತ ಸಂಹಿತೆ ಹಲ್ಲಿನ ಬುಡದ ರೋಗಗಳಲ್ಲಿ ‘ಅಧಿಮಾಂಸ’ವನ್ನು ಹೇಳುತ್ತದೆ: ಕಡೆಯ ದವಡೆಹಲ್ಲಿನ ಬಳಿ ಊತ, ವಿಪರೀತ ನೋವು, ಸುರಿಯುವ ಜೊಲ್ಲು. ಆ ಮಾಂಸವನ್ನು ಕೊಯ್ದು, ಬಜೆ, ಯವಕ್ಷಾರ ಮೊದಲಾದವುಗಳ ಪುಡಿಯನ್ನು ಜೇನಿನೊಂದಿಗೆ ಹಚ್ಚಬೇಕೆಂಬುದು ವಿಧಿ. ಬುದ್ಧಿಹಲ್ಲನ್ನು ಮುಚ್ಚಿಕೊಂಡ ಒಸಡಿಗೆ ಇಂದಿನ ದಂತವೈದ್ಯರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ, ಪುಡಿ, ಜೇನುಗಳನ್ನು ಬಿಟ್ಟು.

ಆಧುನಿಕ ವಿಧಾನ ವಿಯೆನ್ನಾದ ರೋಬಿಚೆಕ್‌ನಿಂದ, 1884ರಲ್ಲಿ. ಅವನದು ನೇರ ಕೊಯ್ತ. ಒಳಗಿನ ಮೂಳೆ ಕೊಳೆತಿದೆಯೆಂದು ನಂಬಿ ಅದನ್ನೂ ಕೆರೆಯುತ್ತಿದ್ದ. 1918ರಲ್ಲಿ ಝೆಂಟ್ಲರ್ ಹಲ್ಲಿನ ಬಾಗಿಗೆ ಹೊಂದುವಂತೆ ಕೊಯ್ಯುವುದನ್ನು ತೋರಿಸಿದ. ಮೂಳೆ ಸವೆಯುತ್ತದೆಯೇ ಹೊರತು ಕೊಳೆಯುವುದಿಲ್ಲವೆಂದು ಕ್ರೋನ್‌ಫೆಲ್ಡ್ ಹೇಳಿದ್ದು 1935ರಲ್ಲಿ. ಐವತ್ತು ವರ್ಷ ಕೈ ಮುಂದೆ ಓಡಿತು, ತಿಳಿವಳಿಕೆ ಹಿಂದೆ ಉಳಿಯಿತು. ಆಕಾರ ತಿದ್ದುವ ಕೆಲಸಕ್ಕೆ ಪ್ರತ್ಯೇಕ ಸ್ಥಾನ ಸಿಕ್ಕಿದ್ದು 1950ರ ಹೊತ್ತಿಗೆ, ಗೋಲ್ಡ್‌ಮನ್‌ನಿಂದ. ಆಮೇಲೆ ಒಸಡನ್ನು ಕೊಯ್ದು ಎಸೆಯದೆ ಬಿಡಿಸಿ, ಬೇರು ಸ್ವಚ್ಛಮಾಡಿ, ಮತ್ತೆ ಹೊಲಿಯುವ ‘ಫ್ಲ್ಯಾಪ್’ ವಿಧಾನವೇ ಮೇಲುಗೈ ಪಡೆಯಿತು.

ಆದರೂ ಛೇದನ ಮೂಲೆಗೆ ಸೇರಲಿಲ್ಲ. ಮೂರ್ಛೆರೋಗಕ್ಕೆ 1938ರಲ್ಲಿ ಬಂದ ಫೆನಿಟಾಯಿನ್ ಒಸಡನ್ನು ಬೆಳೆಸುತ್ತದೆಂದು ಮರುವರ್ಷವೇ ವರದಿಯಾಯಿತು. ಬಿಪಿಗೆ ಕೊಡುವ ನಿಫೆಡಿಪಿನ್, ಅಮ್ಲೋಡಿಪಿನ್ ಮಾತ್ರೆಗಳಿಗೂ ಕೆಲವರಲ್ಲಿ ಇದೇ ಗುಣ. ಹಲ್ಲು ಕ್ಲೀನ್ ಮಾಡಿಸಿ, ಸಾಧ್ಯವಾದರೆ ವೈದ್ಯರಿಂದ ಮಾತ್ರೆ ಬದಲಿಸಿಕೊಂಡ ಮೇಲೂ ಇಳಿಯದ ಒಸಡಿಗೆ ಮಾತ್ರ ಚಾಕು.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಒಸಡಿನ ಚೀಲ ಎಷ್ಟು ಆಳವಿದೆಯೆಂದು ಅಳೆದು, ಹೊರಗೆ ಚುಚ್ಚಿ ರಕ್ತದ ಚುಕ್ಕೆಗಳಿಂದ ಗುರುತು ಮಾಡುತ್ತಾರೆ. ಕರ್ಕ್‌ಲೆಂಡ್ ಚಾಕುವನ್ನು ಸುಮಾರು 45 ಡಿಗ್ರಿ ಓರೆ ಹಿಡಿದು ಚುಕ್ಕೆಗಳಿಗಿಂತ ತುಸು ಬೇರಿನ ಕಡೆಯಿಂದ ಕೊಯ್ಯುತ್ತಾರೆ. ಹಲ್ಲುಸಂದಿಗೆ ಸಣ್ಣ ಆರ್ಬನ್ ಚಾಕು. ಗಾಯದ ಮೇಲೆ ಮೆತ್ತಿದ ಪ್ಯಾಕ್ ಒಂದು ವಾರ ಇರಬೇಕು. ಈಗ ಲೇಸರ್, ವಿದ್ಯುತ್ ಚಾಕುಗಳೂ ಉಂಟು. ರಕ್ತ ಕಡಿಮೆ, ಖರ್ಚು ಹೆಚ್ಚು.

ಕರ್ನಾಟಕದಲ್ಲಿ ಬೆಂಗಳೂರಿನ ಸರ್ಕಾರಿ ದಂತವೈದ್ಯಕೀಯ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ ಶುರುವಾದವು. ತೆಂಗು ಬೆಳೆಯುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳವರಿಗೆ ಈ ಚಿಕಿತ್ಸೆಗೆ ಜಿಲ್ಲಾ ಕೇಂದ್ರ ತುಮಕೂರಿನಲ್ಲೇ ಶ್ರೀ ಸಿದ್ಧಾರ್ಥ ದಂತವೈದ್ಯಕೀಯ ಕಾಲೇಜಿದೆ. ಪ್ಯಾಕ್ ಇರುವಷ್ಟು ದಿನ ಎಳನೀರಿಗೆ ಅಡ್ಡಿಯಿಲ್ಲ, ಗಟ್ಟಿ ಕೊಬ್ಬರಿ ಮುಟ್ಟುವಂತಿಲ್ಲ. ತೆಂಗಿನ ನಡುವೆ ಅಡಿಕೆಯನ್ನೂ ಬೆಳೆಯುವ ಈ ಸೀಮೆಯಲ್ಲಿ ಎಲೆಅಡಿಕೆ ಬಿಡುವುದು ಅದಕ್ಕಿಂತ ಕಷ್ಟ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಅಗಿದು ಬಾಯೊಳಗಿನ ಪದರ ಬಿಗಿದವರಿಗೆ ಬಾಯಿ ಪೂರ್ತಿ ತೆರೆಯುವುದಿಲ್ಲ. ಹಿಂದಿನ ಹಲ್ಲಿನ ಒಸಡಿಗೆ ಚಾಕು ತಲುಪಿಸುವುದೇ ಆಗ ಮೊದಲ ತೊಡಕು.